ಹತ್ತಿದ ಗೇರಿನಲ್ಲೇ ಇಳಿ

ಎಡಗಡೆ ಬಾಗಿಲಿನಿಂದ ಹತ್ತಿ. ಹಿಡಿಕೆ ಸಡಿಲವಾಗಿದೆ, ಕಿಟಕಿಯ ಚೌಕಟ್ಟನ್ನೇ ಹಿಡಿದುಕೊಳ್ಳಿ. ಸೀಟೆಂದರೆ ಹಲಗೆಯ ಮೇಲೆ ತೆಳ್ಳಗಿನ ಸ್ಪಂಜು, ಅದರ ಮೇಲೆ ಬಿರುಕು ಬಿಟ್ಟ ರೆಕ್ಸಿನ್. ನಿಮ್ಮ ಬಲಮಗ್ಗುಲಿಗೆ ಎಂಜಿನ್ನಿನ ಗೂನು, ಅದಕ್ಕೆ ಗೋಣಿಚೀಲ ಹೊದಿಸಿದ್ದಾರೆ. ಈಗ ತಣ್ಣಗಿದೆ. ಇನ್ನರ್ಧ ತಾಸು ಕಳೆದ ಮೇಲೆ ಅದಕ್ಕೆ ಮೊಣಕಾಲು ತಾಗಿಸಬೇಡಿ.

ಫೆಬ್ರವರಿ ತಿಂಗಳು, ಬೆಳಗಿನ ಜಾವ ನಾಲ್ಕೂವರೆ. ಕುಮಟಾದಿಂದ ಶಿರಸಿಗೆ ಹೋಗುವ ರಸ್ತೆಯಲ್ಲಿ ಕತಗಾಲ. ಚಂಡಿಕಾ ಹೊಳೆಯ ಮೇಲಿನ ಮಂಜು ರಸ್ತೆಗೂ ಹಬ್ಬಿದೆ. ಬಾಡಿಯ ತುಂಬ ಚಿರೆಕಲ್ಲು. ಕರಾವಳಿಯ ಕೆಂಪು ನೆಲದಿಂದ ಕೊಯ್ದು ತೆಗೆದ ಈ ಕಲ್ಲು ಶಿರಸಿಯಲ್ಲಿ ಯಾರದೋ ಮನೆಯ ಗೋಡೆಯಾಗಬೇಕು. ಲಾರಿ, ಲೋಡು ಎಲ್ಲ ಸೇರಿ ಸುಮಾರು 16 ಟನ್. ನಂಬರ್ ಪ್ಲೇಟಿನಲ್ಲಿ ಕೆಎ 31, ಅಂದರೆ ಶಿರಸಿ. 1990ರ ದಶಕದ ಆರಂಭದ ಅಶೋಕ್ ಲೈಲ್ಯಾಂಡ್ ಕಾಮೆಟ್ ಇದು. ಹೆಸರಿನ ಅಕ್ಷರಗಳು ಮುಂಭಾಗದಿಂದ ಉದುರಿ ವರ್ಷಗಳಾಗಿವೆ.

ಡ್ರೈವರಿಗೆ ವಯಸ್ಸು ಅರವತ್ತು ದಾಟಿದೆ. ಲಾರಿಯೂ ಅವರದೇ. ಕ್ಲೀನರ್ ಹುಡುಗ ಅವರನ್ನು ಮಾವ ಎನ್ನುತ್ತಾನೆ. ಈ ಕ್ಯಾಬಿನ್ನಿನಲ್ಲಿ ಕೂತ ಮೇಲೆ ನಮಗೂ ಅವರು ಮಾವನೇ. ಹುಡುಗ ಅವರಿಗೆ ಬರೀ ‘ತಮಾ’.

ಮಾವ ಡ್ಯಾಶ್‌ಬೋರ್ಡಿನ ಗಣಪತಿಗೆ ಕೈ ಮುಗಿದು ಸೆಲ್ಫ್ ಹೊಡೆಯುತ್ತಾರೆ. ಎಂಜಿನ್ ಎರಡು ಸಲ ಕೆಮ್ಮಿ, ಮೂರನೆಯದಕ್ಕೆ ಹತ್ತಿಕೊಳ್ಳುತ್ತದೆ. ಆರು ಸಿಲಿಂಡರಿನ ಗುಡುಗು ಮೊದಲು ಪಾದಕ್ಕೆ, ಆಮೇಲೆ ಹಲ್ಲಿಗೆ, ಕಡೆಗೆ ಕಿವಿಗೆ ಬರುತ್ತದೆ. ಆದರೂ ಹೊರಡುವ ಹಾಗಿಲ್ಲ. ಇದು ಗಾಳಿ ಬ್ರೇಕಿನ ಗಾಡಿ. ರಾತ್ರಿಯೆಲ್ಲ ನಿಂತು ಟ್ಯಾಂಕಿನ ಗಾಳಿ ಇಳಿದಿದೆ. ಮೀಟರಿನ ಮುಳ್ಳು ಮೆಲ್ಲಗೆ ಏರಬೇಕು. ಮಾವ ಅವಸರ ಮಾಡದೆ ಒಂದು ಕವಳ ಹಾಕುತ್ತಾರೆ. ಎಲೆಗೆ ಸುಣ್ಣ ಸವರಿ, ಅಡಿಕೆ ಇಟ್ಟು, ಮಡಚಿ ಬಾಯಿಗೆ ಇಡುವಷ್ಟರಲ್ಲಿ ಮುಳ್ಳು ಬರಬೇಕಾದಲ್ಲಿ ಬಂದಿರುತ್ತದೆ. ಬಹಳ ವರ್ಷದ ಲೆಕ್ಕ ಅದು.

ಈಗ ಅವರ ಎಡಗೈ ನೋಡಿ. ಗೇರಿನ ದಂಡ ಒಂದು ಮೊಳಕ್ಕಿಂತ ಉದ್ದ, ತುದಿಯ ಗುಂಡು ಉಜ್ಜಿ ಉಜ್ಜಿ ಹೊಳೆಯುತ್ತಿದೆ. ಅದರ ಮೇಲೆ ಸಂಖ್ಯೆಗಳಿದ್ದ ಗುರುತೂ ಇಲ್ಲ. ಮಾವ ಅದನ್ನು ಮುಷ್ಟಿಯಲ್ಲಿ ಹಿಡಿಯುವುದಿಲ್ಲ, ಅಂಗೈ ತಾಗಿಸುತ್ತಾರೆ ಅಷ್ಟೆ. ಮೊದಲನೇ ಗೇರ್ ‘ಟಕ್’ ಎಂದು ಬೀಳುತ್ತದೆ. ಹ್ಯಾಂಡ್ ಬ್ರೇಕ್ ಬಿಟ್ಟಾಗ ಲಾರಿ ಒಮ್ಮೆ ನಿಟ್ಟುಸಿರಿಟ್ಟು ನೆಲದಿಂದ ಕಿತ್ತುಕೊಳ್ಳುತ್ತದೆ.

ಎರಡನೇ ಗೇರಿಗೆ ಹೋಗುವಾಗ ಅವರ ಎಡಗಾಲು ಎರಡು ಸಲ ಕೆಲಸ ಮಾಡುತ್ತದೆ, ಗಮನಿಸಿ. ಕ್ಲಚ್ ಒತ್ತಿ ನ್ಯೂಟ್ರಾಲಿಗೆ ತಂದರು. ಕ್ಲಚ್ ಬಿಟ್ಟರು. ಒಂದು ಉಸಿರಿನಷ್ಟು ಹೊತ್ತು ಏನೂ ಇಲ್ಲ, ಎಂಜಿನ್ನಿನ ಸ್ವರ ಮಾತ್ರ ಕೆಳಗೆ ಇಳಿಯುತ್ತದೆ. ಮತ್ತೆ ಕ್ಲಚ್, ಎರಡನೇ ಗೇರ್. ಸದ್ದೇ ಇಲ್ಲ. ಇದಕ್ಕೆ ಡಬಲ್ ಕ್ಲಚ್ ಅನ್ನುತ್ತಾರೆ. ನಿಮ್ಮ ಕಾರಿನಲ್ಲಿ ಇದನ್ನು ಯಾರೂ ಮಾಡುವುದಿಲ್ಲ, ಮಾಡುವ ಅಗತ್ಯವೂ ಇಲ್ಲ. ಅಲ್ಲಿ ಗೇರು ಕೂರುವ ಮೊದಲು ಎರಡು ಚಕ್ರಗಳ ವೇಗವನ್ನು ಸಮ ಮಾಡಲು ಹಿತ್ತಾಳೆಯಂಥ ಲೋಹದ ಒಂದು ಬಳೆ ಇರುತ್ತದೆ, ಅದೇ ಸಿಂಕ್ರೊಮೆಶ್. 1928ರಲ್ಲಿ ಅಮೆರಿಕದ ಕ್ಯಾಡಿಲ್ಯಾಕ್ ಕಾರಿನಲ್ಲಿ ಅದು ಮೊದಲು ಬಂತು. ಈ ಲಾರಿಯ ಗೇರ್ ಬಾಕ್ಸಿನಲ್ಲಿ ಆ ಬಳೆ ಇಲ್ಲ. ಕಾನ್‌ಸ್ಟೆಂಟ್ ಮೆಶ್ ಎಂಬ ಜಾತಿ ಇದು. ಗೇರಿನ ಚಕ್ರಗಳು ಸದಾ ಒಂದಕ್ಕೊಂದು ಕಚ್ಚಿಕೊಂಡೇ ತಿರುಗುತ್ತವೆ. ನೀವು ದಂಡ ಎಳೆದಾಗ ಸರಿಯುವುದು ಪಕ್ಕದ ಒಂದು ಹಲ್ಲಿನ ಪಟ್ಟಿ. ಒಂದು ಕಡೆಯ ಹಲ್ಲು ಎಂಜಿನ್ ಹೇಳಿದ ವೇಗದಲ್ಲಿ, ಇನ್ನೊಂದು ಕಡೆಯದು ಹಿಂದಿನ ಚಕ್ರ ಹೇಳಿದ ವೇಗದಲ್ಲಿ ತಿರುಗುತ್ತಿರುತ್ತದೆ. ಎರಡರ ವೇಗ ಒಂದಾದ ಕ್ಷಣದಲ್ಲಿ ಸರಿಸಿದರೆ ಬೆಣ್ಣೆಗೆ ಬೆರಳಿಟ್ಟ ಹಾಗೆ ಕೂರುತ್ತದೆ. ತಪ್ಪಿದರೆ ಕರಕರ ಎಂದು ಹಲ್ಲು ಕಡಿಯುತ್ತದೆ. ಆ ಬಳೆ ಮಾಡುವ ಕೆಲಸವನ್ನು ಇಲ್ಲಿ ಮಾವನ ಕಿವಿ ಮಾಡಬೇಕು.

ಅಂದಾಜು ಲೆಕ್ಕ ಹೇಳುತ್ತೇನೆ. ಮೂರನೇ ಗೇರಿನಲ್ಲಿ ಎಂಜಿನ್ ನಿಮಿಷಕ್ಕೆ 2000 ಸುತ್ತು ತಿರುಗುತ್ತಿದ್ದರೆ, ಅದೇ ವೇಗದಲ್ಲಿ ನಾಲ್ಕನೇ ಗೇರಿಗೆ ಬರಲು ಅದು 1200ರ ಸುಮಾರಿಗೆ ಇಳಿಯಬೇಕು. ಮೇಲಿನ ಗೇರಿಗೆ ಹೋಗಲು ಕಾಯಬೇಕು. ಕೆಳಗಿನ ಗೇರಿಗೆ ಬರಲು ಕಾಯುವ ಹಾಗಿಲ್ಲ. ನ್ಯೂಟ್ರಾಲಿನಲ್ಲಿ ಕ್ಲಚ್ ಬಿಟ್ಟು ರೇಸ್ ಕೊಟ್ಟು 1200ನ್ನು 2000ಕ್ಕೆ ಎಬ್ಬಿಸಿ, ಅದು ಮತ್ತೆ ಬೀಳುವ ಮೊದಲು ಗೇರ್ ಹಾಕಬೇಕು. ಸುತ್ತು ತೋರಿಸುವ ಮೀಟರು ಈ ಡ್ಯಾಶ್‌ಬೋರ್ಡಿನಲ್ಲಿಲ್ಲ. ಎಷ್ಟು ರೇಸ್ ಎಂಬುದನ್ನು ಸ್ವರದಿಂದಲೇ ತಿಳಿಯಬೇಕು.

“ದಂಡದ ಮೇಲೆ ಕೈಯಿಟ್ಟು ನೋಡ್ರಿ,” ಎನ್ನುತ್ತಾರೆ ಮಾವ. “ಹಿಡೀಬೇಡಿ, ಬರೀ ಇಡಿ.”

ಅವರ ಬೆರಳುಗಳ ಕೆಳಗೆ ನಿಮ್ಮ ಅಂಗೈ. ಕಬ್ಬಿಣ ಬಿಸಿಯಾಗಿದೆ, ಸಣ್ಣಗೆ ನಡುಗುತ್ತಿದೆ. ಗೇರ್ ಬದಲಾಗುವ ಸಮಯ ಹತ್ತಿರ ಬಂದಂತೆ ಆ ನಡುಕ ತೆಳ್ಳಗಾಗುತ್ತದೆ, ಒಂದು ಕ್ಷಣ ಪೂರ್ತಿ ನಿಂತಂತಾಗುತ್ತದೆ. ಅಲ್ಲೇ ದಂಡ ತಾನಾಗಿ ಸರಿಯುತ್ತದೆ. ಯಾರು ಸರಿಸಿದರು ಎಂದು ಕೇಳಿದರೆ ನಿಮಗೆ ಹೇಳಲು ಬಾರದು.

ದೇವಿಮನೆ ಘಟ್ಟ ಶುರುವಾಗಿದೆ. ಹೆದ್ದಾರಿ 766ಇ ಎಂದು ಇದಕ್ಕೀಗ ಸಂಖ್ಯೆ ಬಂದಿದೆ. ಅಗಲೀಕರಣಕ್ಕಾಗಿ ಕಡಿದ ಗುಡ್ಡದ ಕೆಂಪು ಹೊಟ್ಟೆ ಹೆಡ್‌ಲೈಟಿನ ಬೆಳಕಿನಲ್ಲಿ ಒಮ್ಮೆ ಕಂಡು ಮಾಯವಾಗುತ್ತದೆ. ಆಮೇಲೆ ಬರೀ ಕಾಡು, ಒಂದು ಪಕ್ಕ ಗೋಡೆ, ಇನ್ನೊಂದು ಪಕ್ಕ ಕತ್ತಲು. ಲಾರಿ ಮೂರರಲ್ಲಿ ದಮ್ಮು ಕಟ್ಟುತ್ತಿದೆ. ತಿರುವು ಬರುವ ಮೊದಲೇ ಮಾವ ಎರಡಕ್ಕೆ ಬರಬೇಕು. ಏರಿನಲ್ಲಿ ಗೇರ್ ಬದಲಿಸಲು ಸಿಗುವುದು ಕಣ್ಣು ಮಿಟುಕಿಸುವಷ್ಟು ಸಮಯ. ನ್ಯೂಟ್ರಾಲಿಗೆ ಬಂದ ಕ್ಷಣದಿಂದ 16 ಟನ್ ಭಾರ ಗಾಡಿಯನ್ನು ಹಿಂದಕ್ಕೆ ಕರೆಯುತ್ತಿರುತ್ತದೆ. ಕ್ಲಚ್, ನ್ಯೂಟ್ರಾಲ್, ಕ್ಲಚ್ ಬಿಟ್ಟು ‘ಭ್ರೂಂ’ ಎಂದು ರೇಸ್, ಕ್ಲಚ್, ಎರಡು. ಬಿತ್ತು. ಅದೇ ಹೊತ್ತಿಗೆ ಸ್ಟೇರಿಂಗ್ ತಿರುಗಿಸಬೇಕು. ಅದೋ ಬುಟ್ಟಿಯ ಬಾಯಿಯಷ್ಟು ಅಗಲ, ಪವರ್ ಸ್ಟೇರಿಂಗ್ ಇಲ್ಲ. ಮಾವ ಸೀಟಿನಿಂದ ಅರ್ಧ ಎದ್ದು, ಎದೆಯನ್ನೇ ಅದಕ್ಕೆ ಆನಿಸಿ ಎಳೆಯುತ್ತಾರೆ.

ಮುಂದಿನ ತಿರುವಿನಲ್ಲಿ ಬಸ್ಸಿನ ಎರಡು ಕಣ್ಣು. ಶಿರಸಿಯಿಂದ ಇಳಿದು ಬರುತ್ತಿದೆ. ಜಾಗ ಸಾಲದು. ನಾವು ನಿಲ್ಲಬೇಕು, ಏರಿನ ನಟ್ಟನಡುವೆ.

ಲಾರಿ ನಿಲ್ಲುವ ಮೊದಲೇ ತಮಾ ನೆಲಕ್ಕೆ ಹಾರಿದ್ದಾನೆ. ಬಾಗಿಲ ಬುಡದಲ್ಲಿದ್ದ ಮರದ ತುಂಡು ಅವನ ಕೈಯಲ್ಲಿದೆ. ಹಿಂದಿನ ಚಕ್ರದ ಕೆಳಗೆ ಅದನ್ನು ಒತ್ತಿ “ಬರೋಬರ್!” ಎಂದು ಬಾಡಿಗೆ ಎರಡು ಬಡಿಯುತ್ತಾನೆ. ಬಸ್ಸು ನಮ್ಮ ಕನ್ನಡಿಯನ್ನು ಸವರಿದಂತೆ ದಾಟುತ್ತದೆ. ಈಗ ಮೊದಲನೇ ಗೇರಿನಿಂದ ಎದ್ದು ಹೊರಡಬೇಕು. ಮಾವ ಕ್ಲಚ್ಚನ್ನು ಅರ್ಧ ಬಿಟ್ಟು, ಲಾರಿಯ ಮೂತಿ ತುಸು ಎದ್ದದ್ದು ತಿಳಿದ ಮೇಲೆ ಬ್ರೇಕ್ ಬಿಡುತ್ತಾರೆ. ಕ್ಲಚ್ ಪ್ಲೇಟಿನ ಕಮಟು ವಾಸನೆ. ಒಂದು ಅಂಗುಲ ಹಿಂದಕ್ಕೆ, ಆಮೇಲೆ ಮುಂದಕ್ಕೆ. ಓಡುವ ಲಾರಿಯ ಹಿಂದೆ ತಮಾ ಮರದ ತುಂಡನ್ನು ಎತ್ತಿಕೊಂಡು ಓಡಿ ಬಂದು ಹತ್ತುತ್ತಾನೆ, ಏದುಸಿರು ಬಿಡುತ್ತ ನಗುತ್ತಾನೆ. ಅವನಿಗೆ ಹತ್ತೊಂಬತ್ತು ವರ್ಷ. ನಿಮ್ಮ ಎದೆ ಮಾತ್ರ ಇನ್ನೂ ಬಡಿಯುತ್ತಿದೆ.

ದೇವಿಮನೆಯಲ್ಲಿ ದೇವಿಯ ಗುಡಿಯೆದುರು ಲಾರಿ ನಿಲ್ಲುತ್ತದೆ. ಮಾವ ಚಪ್ಪಲಿ ಕಳಚಿ ಕಾಣಿಕೆ ಹಾಕಿ ಬರುತ್ತಾರೆ. ಈ ಜಾಗದಲ್ಲಿ ನಿಂತವರಲ್ಲಿ ಅವರು ಮೊದಲಿಗರಲ್ಲ. ಉತ್ತರ ಕನ್ನಡವನ್ನು ಬ್ರಿಟಿಷರು 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿಸಿದಾಗ ಅಮೆರಿಕದಲ್ಲಿ ಅಂತರ್ಯುದ್ಧ ನಡೆಯುತ್ತಿತ್ತು, ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಸಿಗುತ್ತಿರಲಿಲ್ಲ. ಧಾರವಾಡ ಸೀಮೆಯ ಹತ್ತಿ ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಯಿತು. ಬೆಳೆದದ್ದು ಬಯಲುಸೀಮೆಯಲ್ಲಾದರೂ ಪೇಟೆಯಲ್ಲಿ ಅದರ ಹೆಸರು ಕುಮಟಾ ಹತ್ತಿ ಎಂದೇ ಆಯಿತು. ಆ ಎತ್ತಿನ ಗಾಡಿಗಳೂ ಇಳಿಜಾರಿನಲ್ಲಿ ಭಾರವನ್ನು ಹಿಡಿದು ನಿಲ್ಲಿಸುವ ಪ್ರಶ್ನೆಯನ್ನೇ ಎದುರಿಸಿದವು. ಎತ್ತಿಗೆ ಗೇರ್ ಬಾಕ್ಸ್ ಇರಲಿಲ್ಲ, ಗಾಡಿ ಹೊಡೆಯುವವನ ಕಿವಿ ಇತ್ತು.

ಗುಡಿಯ ಪಕ್ಕದ ಕಟ್ಟೆಯ ಮೇಲೆ ಕೂತು ಚಾ ಕುಡಿಯುವಾಗ ಮಾವ ತಾವು ಕಲಿತ ಕಥೆ ಹೇಳುತ್ತಾರೆ. 1981ರಲ್ಲಿ ಅವರು ಕ್ಲೀನರ್. ಉಸ್ತಾದರದು ಹಳೇ ಬೆಂಜ್ ಲಾರಿ. ಟಾಟಾದವರು 1954ರಲ್ಲಿ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಸೇರಿ ಜಮ್‌ಶೆಡ್‌ಪುರದಲ್ಲಿ ಲಾರಿ ಮಾಡತೊಡಗಿದರು. 1969ರಲ್ಲಿ ಆ ಒಪ್ಪಂದ ಮುಗಿದು ಮೂತಿಯ ಮೇಲಿನ ನಕ್ಷತ್ರ ಹೋಯಿತು, ಆದರೆ ನಮ್ಮ ಕಡೆಯವರ ಬಾಯಲ್ಲಿ ಅದು ಬೆಂಜ್ ಆಗಿಯೇ ಉಳಿಯಿತು. ಲೈಲ್ಯಾಂಡಿನ ಕಥೆ ಬೇರೆ. 1948ರ ಅಶೋಕ್ ಮೋಟರ್ಸ್ 1955ರಲ್ಲಿ ಅಶೋಕ್ ಲೈಲ್ಯಾಂಡ್ ಆಯಿತು. ಮದ್ರಾಸಿನ ಎಣ್ಣೂರಿನಿಂದ ಹೊರಟ ಗಾಡಿಗಳು ನಮ್ಮ ಘಟ್ಟಗಳನ್ನೂ ಹತ್ತಿದವು. ಬೆಂಜ್‌ನವರು, ಲೈಲ್ಯಾಂಡ್‌ನವರು ಎಂದು ಡ್ರೈವರುಗಳಲ್ಲಿ ಎರಡು ಪಂಗಡವೇ ಇತ್ತಂತೆ.

“ಉಸ್ತಾದ್ರು ಹೇಳಿಕೊಡೂದು ಅಂತ ಇರ್ಲಿಲ್ಲ. ಗೇರ್ ಕರಕರ ಅಂದ್ರೆ ತಲೆಗೊಂದು ಮೊಟಕೋದು. ಕಿವಿಯಲ್ಲಿ ಗೇರ್ ಹಾಕು, ಕೈಯಲ್ಲಲ್ಲ, ಅಷ್ಟೇ ಮಾತು. ಎರಡು ವರ್ಷ ನಾನು ಸ್ಟೇರಿಂಗ್ ಮುಟ್ಲಿಲ್ಲ. ಕೂತು ಕೇಳೂದು, ಅದೇ ಶಾಲೆ.”

ಆ ಲಾರಿಯದು ನಾಟಾ ಕೆಲಸ. ಕೂಪಿನಲ್ಲಿ ಕಡಿದ ಮರದ ದಿಮ್ಮಿಗಳನ್ನು ಡಿಪೋಗೆ ಸಾಗಿಸುವುದು. ಕೂಪಿನ ರಸ್ತೆ ಅಂದರೆ ಒಂದು ಬೇಸಿಗೆಗೆಂದು ಕಾಡು ಕಡಿದು ಮಾಡಿದ ಮಣ್ಣಿನ ದಾರಿ. ಅಲ್ಲಿ ಮೊದಲನೇ ಗೇರ್ ಬಿಟ್ಟು ಬೇರೆ ಗೇರನ್ನು ನೆನೆಯುವಂತಿಲ್ಲ. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲೂಕಿನ ಸಾಲ್ಕಣಿಯ ಜನ ನಡೆದು ಹೋಗಿ ಕಳಾಸೆ ಕಾಡಿನ ಮರಗಳನ್ನು ಅಪ್ಪಿಕೊಂಡರು. ಪಾಂಡುರಂಗ ಹೆಗಡೆ ಮುಂದೆ ನಿಂತಿದ್ದ ಅಪ್ಪಿಕೋ ಚಳವಳಿ ಹೀಗೆ ಶುರುವಾಯಿತು. 38 ದಿನ ಅದು ನಡೆಯಿತು. ಕೊಡಲಿ ನಿಂತಾಗ ಲಾರಿಯೂ ನಿಂತಿತು.

“ಬೇಜಾರಾಗ್ಲಿಲ್ವಾ ಮಾವ?” ತಮಾ ಕೇಳುತ್ತಾನೆ.

“ಆಗೂದೇನು? ಹೊಟ್ಟೆಗೆ ಹೊಡೀತು. ಈಗ ನೋಡು, ಆ ಮರ ನಿಂತದ್ದಕ್ಕೇ ಹಳ್ಳದಲ್ಲಿ ಬೇಸಿಗೆಗೂ ನೀರುಂಟು. ಎರಡೂ ಖರೆ ತಮಾ.”

ಈ ಎರಡೂ ನಿಜವನ್ನು ಒಟ್ಟಿಗೆ ಹೇಳಬಲ್ಲವರು ನನಗೆ ಕಂಡದ್ದು ಕಡಿಮೆ. ಚಳವಳಿಯ ಬಗ್ಗೆ ಬರೆದವರು ಲಾರಿಯವರನ್ನು ಕಾಡಿನ ಶತ್ರುಗಳ ಸಾಲಿಗೆ ಸೇರಿಸಿ ಮುಂದೆ ಹೋಗಿದ್ದಾರೆ. ಕೂಲಿಗಾಗಿ ಗೇರ್ ಹಾಕಿದ ಹುಡುಗನ ಲೆಕ್ಕವನ್ನೂ ಯಾರಾದರೂ ಇಡಬೇಕಿತ್ತು.

ಘಟ್ಟದ ಮೇಲೆ ಬೆಳಕು ಹರಿಯಿತು. ರಾಗಿಹೊಸಳ್ಳಿ, ಬಂಡಲ, ಅಮ್ಮಿನಳ್ಳಿ ಎಂದು ಊರುಗಳು ದಾಟುತ್ತವೆ. ನಾಲ್ಕನೇ ಗೇರ್, ಐದನೇ ಗೇರ್. ಎಂಜಿನ್ ಈಗ ಹಾಡುವವರ ಹಿಂದಿನ ಶ್ರುತಿಪೆಟ್ಟಿಗೆಯ ಹಾಗೆ ಒಂದೇ ಸ್ವರ ಹಿಡಿದಿದೆ. ಅಡಿಕೆ ತೋಟದ ಅಂಚಿನ ಮನೆಗಳಿಂದ ಒಲೆಯ ಹೊಗೆ ಬರುತ್ತಿದೆ.

ಶಿರಸಿಯಲ್ಲಿ ಕಲ್ಲು ಇಳಿಸಿದ ಮೇಲೆ ಪೇಟೆಯ ಹೊರಗಿನ ಒಂದು ಗ್ಯಾರೇಜಿಗೆ ಬನ್ನಿ. ಯಾವುದೋ ಲಾರಿಯ ಗೇರ್ ಬಾಕ್ಸನ್ನು ಬಿಚ್ಚಿ ಗೋಣಿಯ ಮೇಲೆ ಹರಡಿದ್ದಾರೆ. ಕಪ್ಪು ಎಣ್ಣೆಯಲ್ಲಿ ಮಿಂದ ಶಾಫ್ಟು, ಅಂಗೈ ಅಗಲದ ಚಕ್ರಗಳು, ಬೇರಿಂಗು. ಒಂದೊಂದನ್ನೂ ಡೀಸೆಲಿನಲ್ಲಿ ತೊಳೆದು ಹೊರಕ್ಕೆ ಇಟ್ಟಾಗ ಕಬ್ಬಿಣ ಬೆಳ್ಳಿಯ ಹಾಗೆ ಮಿನುಗುತ್ತದೆ. ಮಿಸ್ತ್ರಿ ಒಂದು ಹಲ್ಲಿನ ಪಟ್ಟಿಯನ್ನು ನಿಮ್ಮ ಕೈಗೆ ಕೊಡುತ್ತಾರೆ. ಬೆರಳಿನಿಂದ ಸವರಿ ನೋಡಿ. ಎರಡನೇ ಗೇರಿನ ಕಡೆಯ ತುದಿಗಳು ಉರುಟಾಗಿವೆ, ಕೆಲವು ಚೂರಾಗಿವೆ. ಮೂರರ ಕಡೆಯವು ಹೊಸದರಂತೆ ಚೂಪು.

“ಈ ಡ್ರೈವರ್ ಮೂರರಿಂದ ಎರಡಕ್ಕೆ ಬರುವಾಗ ರೇಸ್ ಕೊಡೂದಿಲ್ಲ,” ಎನ್ನುತ್ತಾರೆ ಮಿಸ್ತ್ರಿ. “ಅವನ ಮುಖ ನೋಡಿಲ್ಲ ನಾನು. ಹಲ್ಲು ನೋಡಿದ್ರೆ ಸಾಕು.”

ಗಾಳಿ ಬಂದಾಗ ನೆಲದ ಮೇಲಿನ ಎಣ್ಣೆ ಕಾಗದ ಹಾರುತ್ತದೆ. ಒಡೆದ ಹಲ್ಲಿನ ಸಣ್ಣ ಚೂರುಗಳನ್ನು ಮಿಸ್ತ್ರಿ ಅಯಸ್ಕಾಂತದಿಂದ ಎತ್ತಿ ಡಬ್ಬಿಗೆ ಹಾಕುತ್ತಾರೆ. ಒಂದು ಚೂರು ಒಳಗೆ ಉಳಿದರೂ ಉಳಿದ ಚಕ್ರಗಳನ್ನೆಲ್ಲ ತಿಂದು ಹಾಕುತ್ತದೆ. ಹಳೆಯ ಗಾಡಿಗಳಿಗೆ ಬಿಡಿಭಾಗ ಸಿಗುವುದು ಕಷ್ಟವಾಗಿದೆ. ಗುಜರಿ ಸೇರಿದ ಲಾರಿಗಳಿಂದ ಬಿಚ್ಚಿ ತಂದದ್ದೇ ಈಗ ಹೆಚ್ಚು. ಎಂಟು ವರ್ಷ ದಾಟಿದ ಲಾರಿ ಪ್ರತಿ ವರ್ಷ ಎಫ್‌ಸಿಗೆ, ಅಂದರೆ ಫಿಟ್‌ನೆಸ್ ಸರ್ಟಿಫಿಕೇಟಿನ ತಪಾಸಣೆಗೆ, ನಿಲ್ಲಬೇಕು. ಈ ಕಾಮೆಟ್ ಎಷ್ಟೋ ಸಲ ನಿಂತು ಬಂದಿದೆ.

ಮರುದಿನ ಸಿದ್ದಾಪುರದ ಕಡೆ ಕೆಲಸ. ಕೊಯ್ಲು ಮುಗಿದ ಅಡಿಕೆ ತೋಟಕ್ಕೆ ಹೊಸ ಮಣ್ಣು ಏರಿಸುವ ಕಾಲ ಇದು. ಗುಡ್ಡದ ಮೇಲಿಂದ ಕೆಂಪು ಮಣ್ಣು ತುಂಬಿ ಕಣಿವೆಯ ತೋಟದ ಅಂಚಿಗೆ ಇಳಿಸಬೇಕು. ತೋಟ ಯಾವಾಗಲೂ ಕೆಳಗೆ, ದಾರಿ ಯಾವಾಗಲೂ ಕಡಿದು. ತಿರುಗಿಸಲು ಜಾಗವಿಲ್ಲದ್ದರಿಂದ ಮಾವ ರಿವರ್ಸ್ ಗೇರಿನಲ್ಲೇ ಇಳಿಯುತ್ತಾರೆ. ಬಾಗಿಲು ತೆರೆದು, ಅರ್ಧ ಮೈ ಹೊರಗೆ ಹಾಕಿ, ಹಿಂದಿನ ಚಕ್ರ ನೋಡುತ್ತ. ತೋಟದ ಹೆಗಡೇರು ಮುಂಡಾಸು ಕಟ್ಟಿಕೊಂಡು “ಬರ್ಲಿ, ಬರ್ಲಿ, ಸಾಕು!” ಎನ್ನುತ್ತಾರೆ. ಹತ್ತು ಟ್ರಿಪ್ಪು, ಸಂಜೆಗೆ ಮುಗಿಯಿತು. ದೊಡ್ಡ ಹೊಸ ಲಾರಿಗಳು ಇಂಥ ದಾರಿಗೆ ಬರುವುದಿಲ್ಲ. ಬಂದರೂ ತಿರುಗಲಾರವು. ಹಳೆಯ ಗಿಡ್ಡ ಲಾರಿಗಳು ಈ ಕಡೆಯ ತಾಲೂಕುಗಳಲ್ಲಿ ಉಳಿದಿರುವುದು ಇಂಥ ಕೆಲಸದಿಂದಲೇ.

ಮೂರನೇ ದಿನ ಯಲ್ಲಾಪುರ. ಕಿರವತ್ತಿಯ ನಾಟಾ ಡಿಪೋದಿಂದ ಸಾಗವಾನಿ ದಿಮ್ಮಿಗಳು, ಅಂಕೋಲೆಯ ಒಂದು ಸಾ ಮಿಲ್ಲಿಗೆ. ಅರಣ್ಯ ಇಲಾಖೆಯ ಪಾಸು ಮಾವನ ಅಂಗಿಯ ಜೇಬಿನಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡಿದೆ. ದಿಮ್ಮಿ ಏರಿಸುವುದು ನೋಡಲೇಬೇಕಾದ ಕೆಲಸ, ಆದರೆ ಅದೇ ಒಂದು ದೊಡ್ಡ ಕಥೆ. ಸರಪಳಿ ಬಿಗಿದು, ತಮಾ ಅದರ ಮೇಲೆ ನಿಂತು ಕುಣಿದು ನೋಡಿ, ಅಲುಗುವುದಿಲ್ಲ ಎಂದು ಖಾತ್ರಿ ಮಾಡಿಕೊಂಡ ಮೇಲೆ ಹೊರಟಾಗ ಮಧ್ಯಾಹ್ನ ಮೂರು.

ಇಡಗುಂದಿ ದಾಟಿತು. ರಸ್ತೆ ಇಳಿಯತೊಡಗುವ ಮೊದಲು ಒಂದು ಸಪಾಟು ಜಾಗವಿದೆ. ಮಾವ ಅಲ್ಲಿ ಲಾರಿ ನಿಲ್ಲಿಸುತ್ತಾರೆ. ಇಳಿದು ಚಕ್ರಗಳನ್ನು ಒಂದೊಂದಾಗಿ ಒದೆಯುತ್ತಾರೆ, ಸರಪಳಿ ಮುಟ್ಟುತ್ತಾರೆ, ಗಾಳಿಯ ಮುಳ್ಳು ನೋಡುತ್ತಾರೆ. ಮತ್ತೆ ಕೂತು, ನಿಂತಲ್ಲೇ ಎರಡನೇ ಗೇರ್ ಹಾಕುತ್ತಾರೆ.

“ಇನ್ನು ಕೆಳಗೆ ಹೋಗೂವರೆಗೆ ಈ ದಂಡ ಮುಟ್ಟೂದಿಲ್ಲ,” ಎನ್ನುತ್ತಾರೆ. “ಹತ್ತಿದ ಗೇರಿನಲ್ಲೇ ಇಳಿ ಅಂತ ಉಸ್ತಾದ್ರು ಹೇಳಿದ್ದು.”

ಅರಬೈಲ್ ಘಟ್ಟ. ಹುಬ್ಬಳ್ಳಿ–ಅಂಕೋಲೆಯ ಈ ಹೆದ್ದಾರಿಗೆ ಹಿಂದೆ 63 ಎಂಬ ಸಂಖ್ಯೆ, ಈಗ 52. ಲಾರಿಯ ಎಂಜಿನ್ ಗಾಡಿಯನ್ನು ಎಳೆಯುತ್ತಿಲ್ಲ. ಗಾಡಿಯೇ ಎಂಜಿನ್ನನ್ನು ತಳ್ಳುತ್ತಿದೆ, ಎಂಜಿನ್ ಒಲ್ಲೆ ಎನ್ನುತ್ತಿದೆ. ಆ ಒಲ್ಲೆ ಎನ್ನುವ ಸ್ವರ ಕೇಳಿಸಿಕೊಳ್ಳಿ. ಏರಿನಲ್ಲಿದ್ದ ಗುಡುಗಲ್ಲ ಇದು, ಗಂಟಲಲ್ಲಿ ಹಿಡಿದಿಟ್ಟ ಗುರ್ರು. ಮಾವನ ಬಲಗಾಲು ಬ್ರೇಕಿನ ಮೇಲೆ ಸುಮ್ಮನೆ ಕೂತಿಲ್ಲ. ವೇಗ ತುಸು ಏರಿದಾಗ ಒಮ್ಮೆ ಗಟ್ಟಿಯಾಗಿ ಒತ್ತಿ, ಪೂರ್ತಿ ಬಿಡುತ್ತಾರೆ. ‘ಪ್ಸ್’ ಎಂದು ಗಾಳಿ ಹೊರಬೀಳುತ್ತದೆ. ಒಂದೇ ಸಮ ಒತ್ತಿ ಹಿಡಿದರೆ ಲೈನರು ಕಾದು, ಡ್ರಮ್ಮು ಹಿಗ್ಗಿ, ಹಿಡಿತ ಕರಗಿಹೋಗುತ್ತದೆ. ಮೇಲಿಂದ ಮೇಲೆ ಒತ್ತಿದರೆ ಟ್ಯಾಂಕಿನ ಗಾಳಿ ಖಾಲಿಯಾಗುತ್ತದೆ. ಬ್ರೇಕು ನಿಲ್ಲಿಸುವುದಕ್ಕೆ, ಇಳಿಯುವುದಕ್ಕೆ ಗೇರು.

ನಮ್ಮ ಹಿಂದೆ ಹದಿನಾಲ್ಕು ಚಕ್ರದ ಲಾರಿಯೊಂದು ಹಾರ್ನ್ ಹೊಡೆಯುತ್ತಿದೆ. ಅದರ ಹಿಂದೆ ಇನ್ನೂ ನಾಲ್ಕು. ಮಾವ ಕನ್ನಡಿ ನೋಡುತ್ತಾರೆ, ಜಾಗ ಬಂದಲ್ಲಿ ಎಡಕ್ಕೆ ಸರಿದು ಕೈ ಬೀಸಿ ಬಿಟ್ಟುಕೊಡುತ್ತಾರೆ. ವೇಗ ಮಾತ್ರ ಬದಲಿಸುವುದಿಲ್ಲ.

ಕಬ್ಬಿಣದ ಅದಿರು ಸಾಗುತ್ತಿದ್ದ ಕಾಲದಲ್ಲಿ ಈ ಸಾಲಿಗೆ ಕೊನೆಯೇ ಇರಲಿಲ್ಲ. ಬಳ್ಳಾರಿ–ಹೊಸಪೇಟೆಯ ಗಣಿಗಳಿಂದ ಕಾರವಾರ, ಬೇಲೆಕೇರಿ ಬಂದರಿಗೆ ಹಗಲೂ ರಾತ್ರಿ ಲಾರಿ. ಮರದ ಎಲೆ, ಮನೆಯ ಹಂಚು, ದನದ ಬೆನ್ನು ಎಲ್ಲ ಕೆಂಪು. 2010ರಲ್ಲಿ ಬೇಲೆಕೇರಿಯಲ್ಲಿ ವಶಪಡಿಸಿಕೊಂಡ ಅದಿರು ಅಲ್ಲಿಂದಲೇ ಕಾಣೆಯಾದದ್ದು, 2011ರ ಜುಲೈಯಲ್ಲಿ ಲೋಕಾಯುಕ್ತ ಸಂತೋಷ ಹೆಗ್ಡೆಯವರ ವರದಿ ಬಂದದ್ದು ರಾಜ್ಯಕ್ಕೆಲ್ಲ ಗೊತ್ತು. ಘಟ್ಟದ ಜನರಿಗೆ ಗೊತ್ತಿರುವುದು ಇನ್ನೊಂದು. ಟ್ರಿಪ್ಪಿನ ಲೆಕ್ಕದಲ್ಲಿ ದುಡ್ಡು, ಆದ್ದರಿಂದ ನಿದ್ದೆಯಿಲ್ಲದ ಡ್ರೈವರು, ಹೆಚ್ಚುವರಿ ಲೋಡು, ಡೀಸೆಲ್ ಉಳಿಸಲು ನ್ಯೂಟ್ರಾಲಿನ ಇಳಿತ. ಗೇರು ಕಲಿಯಲು ಎರಡು ವರ್ಷ ಸುಮ್ಮನೆ ಕೂತು ಕೇಳುವ ವ್ಯವಧಾನ ಆಗ ಸತ್ತಿತು ಎಂದು ನನಗನ್ನಿಸುತ್ತದೆ.

ಮಾವ ನ್ಯೂಟ್ರಾಲಿನ ಕಥೆಯನ್ನು ತಾವೇ ಹೇಳುತ್ತಾರೆ, ರಸ್ತೆಯಿಂದ ಕಣ್ಣು ತೆಗೆಯದೆ.

“ನಾನೂ ಒಮ್ಮೆ ಮಾಡಿದೆ. ಪ್ರಾಯ. ಮಾಲೀಕರು ಕೊಟ್ಟ ಡೀಸೆಲಿನಲ್ಲಿ ಉಳಿಸೂವ ಅಂತ ಇಲ್ಲೇ ಮೇಲೆ ನ್ಯೂಟ್ರಾಲ್ ಮಾಡಿದೆ. ಗಾಡಿ ಹಗೂರ ಆಯ್ತು, ಸದ್ದೇ ಇಲ್ಲ, ಸುಖ. ಎರಡು ತಿರುವು ಆದ ಮೇಲೆ ಬ್ರೇಕ್ ಒತ್ತಿದ್ರೆ ಕಾಲು ಕೆಳಗೆ ಹೋಗ್ತದೆ, ಗಾಡಿ ಕೇಳೂದಿಲ್ಲ. ಗೇರ್ ಹಾಕೂವ ಅಂದ್ರೆ ಬೀಳೂದಿಲ್ಲ. ಎಷ್ಟು ರೇಸ್ ಕೊಟ್ರೂ ಬೀಳೂದಿಲ್ಲ.”

ಯಾಕೆ ಬೀಳುವುದಿಲ್ಲ ಎಂದು ಈಗ ನಿಮಗೆ ತಿಳಿಯುತ್ತದೆ. ಓಡುವ ಗಾಡಿಯ ಚಕ್ರ ಕೇಳುವ ವೇಗಕ್ಕೆ ಎಂಜಿನ್ ಏರಬೇಕು. ಈ ಎಂಜಿನ್ನಿಗೆ ಅಷ್ಟು ತಿರುಗಲು ಸಾಧ್ಯವೇ ಇಲ್ಲ. ಕಿವಿ ಎಷ್ಟೇ ಚುರುಕಾಗಿದ್ದರೂ ಆ ಸ್ವರ ಎಂಜಿನ್ನಿನ ಗಂಟಲಲ್ಲಿಲ್ಲ.

“ಮತ್ತೆ?”

“ಗುಡ್ಡದ ಬದಿಗೆ ಹೊಡೆದೆ. ಉದ್ದಕ್ಕೂ ಉಜ್ಜಿಕೊಂಡು ಹೋಗಿ ನಿಂತಿತು. ಎಡಗಡೆ ಬಾಡಿ ಪೂರಾ ಹೋಯ್ತು. ಕ್ಲೀನರ್ ಹುಡುಗನಿಗೆ ಕೈ ಮುರೀತು. ಅವನ ಮನೆಗೆ ಹೋಗಿ ಅವನ ಅಬ್ಬೆಯ ಎದುರು ನಿಂತದ್ದುಂಟಲ್ಲ, ಆ ಇಳಿಜಾರಿಗಿಂತ ಅದೇ ಕಷ್ಟ.”

ಕ್ಯಾಬಿನ್ನಿನಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡುವುದಿಲ್ಲ. ತಮಾ ತನ್ನ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡದ್ದು ಅವನಿಗೇ ಗೊತ್ತಿಲ್ಲ.

ಕೆಳಗೆ, ಗುಳ್ಳಾಪುರದ ಹತ್ತಿರ, 2025ರ ಜನವರಿ 22ರ ನಸುಕಿನಲ್ಲಿ ಒಂದು ಲಾರಿ ಕಂದಕಕ್ಕೆ ಉರುಳಿತು. ಸವಣೂರಿನಿಂದ ಕುಮಟಾದ ಸಂತೆಗೆ ತರಕಾರಿ ಒಯ್ಯುತ್ತಿದ್ದವರು ಮೂಟೆಗಳ ಮೇಲೆ ಕೂತಿದ್ದರು. ಹತ್ತು ಜನ ಸತ್ತರು. ಆ ಜಾಗ ಬಂದಾಗ ಮಾವ ಎಡಗೈಯನ್ನು ಹಣೆಗೆ ಮುಟ್ಟಿಸುತ್ತಾರೆ, ಮತ್ತೆ ಸ್ಟೇರಿಂಗಿಗೆ ತರುತ್ತಾರೆ. ಗಂಗಾವಳಿ ಹೊಳೆ ಎಲ್ಲೋ ಮರಗಳ ನಡುವೆ ಹೊಳೆಯುತ್ತದೆ. 2021ರ ಜುಲೈ ಮಳೆಗೆ ಇದೇ ಹೊಳೆ ಗುಳ್ಳಾಪುರದ ಸೇತುವೆಯನ್ನು ಕೊಚ್ಚಿಕೊಂಡು ಹೋಗಿತ್ತು.

ಹೊಸ ಲಾರಿಗಳ ಬಗ್ಗೆ ಮಾವನಿಗೆ ದ್ವೇಷವಿಲ್ಲ, ನನಗೂ ಇಲ್ಲ. ಗೇರ್ ತಾನೇ ಬದಲಾಗುವ ಗಾಡಿಗಳು ಬಂದಿವೆ. 2025ರ ಅಕ್ಟೋಬರ್ 1ರಿಂದ ತಯಾರಾಗುವ ದೊಡ್ಡ ಲಾರಿಗಳ ಕ್ಯಾಬಿನ್ನಿಗೆ ಎ.ಸಿ. ಕಡ್ಡಾಯ. ನಲವತ್ತು ವರ್ಷ ಎಂಜಿನ್ನಿನ ಗೂನಿನ ಪಕ್ಕ ಬೆಂದವರ ಮೊಣಕಾಲು ನೋಡಿದರೆ ಅದು ಎಷ್ಟು ತಡವಾಗಿ ಬಂತು ಅನ್ನಿಸುತ್ತದೆ. ಅಮೆರಿಕದಲ್ಲಿ ಹತ್ತು, ಹದಿಮೂರು, ಹದಿನೆಂಟು ಗೇರುಗಳ, ಸಿಂಕ್ರೊಮೆಶ್ ಇಲ್ಲದ ಪೆಟ್ಟಿಗೆಗಳ ಲಾರಿಗಳು ಇಂದೂ ಓಡುತ್ತವೆ. ಅಲ್ಲಿ ಅದನ್ನು ಶಾಲೆಯಲ್ಲಿ ಕಲಿಸುತ್ತಾರೆ, ಪರೀಕ್ಷೆ ಇಡುತ್ತಾರೆ. ನಮ್ಮಲ್ಲಿ ಮಾವನಂಥವರು ಯಾವ ಪುಸ್ತಕವೂ ಇಲ್ಲದೆ ಕಲಿತರು, ತಲೆಗೆ ಮೊಟಕಿಸಿಕೊಂಡು. ಅವರ ಕಿವಿಯಲ್ಲಿರುವುದು ಓದು ಅಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪಲಾರೆ. ಘಟ್ಟದ ಒಂದೊಂದು ತಿರುವಿಗೂ ಯಾವ ಗೇರು, ಮಳೆಗೆ ಯಾವುದು, ಮಂಜಿಗೆ ಯಾವುದು, ಖಾಲಿಗೆ ಯಾವುದು, ದಿಮ್ಮಿಗೆ ಯಾವುದು, ಎಲ್ಲ ಅವರಿಗೆ ಬಾಯಿಪಾಠ. ಅದನ್ನು ಕೇಳಿ ಬರೆದುಕೊಂಡವರು ಯಾರೂ ಇಲ್ಲ.

ಇಳಿಜಾರು ಮುಗಿಯುತ್ತ ಬಂದಾಗ ಎಂಜಿನ್ನಿನ ಗುರ್ರು ಮೆತ್ತಗಾಗುತ್ತದೆ. ಗಾಳಿಯಲ್ಲಿ ಸೆಕೆ, ಉಪ್ಪಿನ ಪಸೆ. ಮಾವ ಎಷ್ಟೋ ಹೊತ್ತಿನ ನಂತರ ದಂಡ ಮುಟ್ಟುತ್ತಾರೆ. ಕ್ಲಚ್, ನ್ಯೂಟ್ರಾಲ್, ಬಿಡು, ಕಾಯು.

“ತಮಾ, ಹಾಕು,” ಎನ್ನುತ್ತಾರೆ ಇದ್ದಕ್ಕಿದ್ದಂತೆ, ಕ್ಲಚ್ ಒತ್ತಿ.

ಹುಡುಗ ನಿಮ್ಮ ಮೇಲಿಂದ ಬಾಗಿ ಕೈ ಚಾಚುತ್ತಾನೆ. ಕರ್ರ್! ಹಲ್ಲು ಕಡಿದ ಸದ್ದು ಪಾದದ ಹಲಗೆಯವರೆಗೆ ಬರುತ್ತದೆ. ಅವನು ತಲೆ ತಗ್ಗಿಸುತ್ತಾನೆ, ಮೊಟಕು ಬೀಳುತ್ತದೆಂದು. ಮಾವನ ಕೈ ಮೇಲೇಳುವುದಿಲ್ಲ. ಕ್ಲಚ್ ಬಿಟ್ಟು ಸಣ್ಣಗೆ ರೇಸ್ ಕೊಟ್ಟು ಮತ್ತೆ ಒತ್ತುತ್ತಾರೆ.

“ನೀನು ಮೊದಲೇ ಹೋದೆ. ಅದು ಕರೀಲಿ. ಕೇಳು… ಕೇಳು… ಈಗ.”

ಮೂರನೇ ಗೇರ್ ಕೂರುತ್ತದೆ.

ರಾಮನಗುಳಿಯ ಹತ್ತಿರ, ಮರದ ನೆರಳಿನಲ್ಲಿ ಲಾರಿ ನಿಲ್ಲುತ್ತದೆ. ಎಂಜಿನ್ ಆರಿದಾಗ ಕಿವಿಯಲ್ಲಿ ಜೀರುಂಡೆ ಕೂಗಿದ ಹಾಗೆ. ಆಮೇಲೆ ತಿಳಿಯುತ್ತದೆ, ಅದು ನಿಜವಾದ ಜೀರುಂಡೆ. ಮಾವ ಇಳಿದು ಹಿಂದಿನ ಚಕ್ರದ ಬಳಿ ಕುಕ್ಕರುಗಾಲಲ್ಲಿ ಕೂರುತ್ತಾರೆ. ತೂತುಗಳ ನಡುವೆ ಬೆರಳು ತೂರಿಸಿ ಬ್ರೇಕ್ ಡ್ರಮ್ಮನ್ನು ಮುಟ್ಟುತ್ತಾರೆ. ತಮಾನೂ ಪಕ್ಕದಲ್ಲಿ ಕೂತು ಮುಟ್ಟುತ್ತಾನೆ. ಮಾವ ನಿಮ್ಮ ಕಡೆ ತಿರುಗಿ ಜಾಗ ಬಿಟ್ಟುಕೊಡುತ್ತಾರೆ.

ಮುಟ್ಟಿ ನೋಡಿ. ಬೆಚ್ಚಗಿದೆ. ಕೈ ಇಡಬಹುದು.